ಸೇವೆ ಎಂದ ಮೇಲೆ ಸಂಬಳವೇಕೆ?

ಮದುವೆಯ ಪಂಕ್ತಿಯಲ್ಲಿ ಕುಳಿತಿರಲಿ, ಕಾರವಾರದ ನಿಲ್ದಾಣದಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿರಲಿ, ಹಳೆಯ ಸಹೋದ್ಯೋಗಿಗಳೂ ನೆಂಟರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಸಂಬಳ ತಕಂಡು ಮಾಡೂದು ಎಂತಾ ಸೇವೆ ಮಾರಾಯ್ರೆ?” ನೆರೆ, ಗುಡ್ಡ ಕುಸಿತ, ಬೆಂಕಿ ಮುಂತಾದ ಸಂದರ್ಭಗಳಲ್ಲಿ ಸ್ವಯಂಸೇವಕರಾಗಿ ಇಳಿಯುವ ಸರ್ಕಾರಿ ನೌಕರರಿಗೆ ಆ ದಿನಗಳ ಮಟ್ಟಿಗೆ ಸಂಬಳಸಹಿತ ವಿಶೇಷ ರಜೆ ಕೊಡಬೇಕು ಎಂದು ನಾನು ಕೆಲವು ವರ್ಷಗಳಿಂದ ಹೇಳುತ್ತ ಬಂದಿರುವುದರಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಅರ್ಧ ಉತ್ತರ ಹೇಳುವಷ್ಟರಲ್ಲಿ ಬಸ್ಸು ಬರುತ್ತದೆ, ಇಲ್ಲವೇ ಪಾಯಸ ಬರುತ್ತದೆ. ಆದ್ದರಿಂದ ಪೂರ್ತಿ ಉತ್ತರವನ್ನು ಬರೆದೇ ಬಿಡುತ್ತೇನೆ.

ನಿವೃತ್ತನಾಗುವ ಮೊದಲು ನಾನು ಅಂಕೋಲಾ ತಾಲ್ಲೂಕಿನ ಒಂದು ಕಚೇರಿಯಲ್ಲಿ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕನಾಗಿದ್ದೆ. ಹಾಜರಿ ಪುಸ್ತಕ, ರಜೆ ಅರ್ಜಿ, ಸೇವಾ ಪುಸ್ತಕ ಎಲ್ಲವೂ ನನ್ನ ಮೇಜಿನ ಮೇಲೆಯೇ ಇರುತ್ತಿದ್ದವು. 2019ರ ಆಗಸ್ಟ್ ಮೊದಲ ಭಾಗದಲ್ಲಿ ಘಟ್ಟದ ಮೇಲೆ ಬಿದ್ದ ಮಳೆಗೆ ಗಂಗಾವಳಿ ಉಕ್ಕಿ ದಂಡೆಯ ಊರುಗಳು ಮುಳುಗಿದವು; ಅತ್ತ ಕದ್ರಾ ಜಲಾಶಯದಿಂದ ಬಿಟ್ಟ ನೀರು ಕಾಳಿಯ ಹೊಳೆಸಾಲಿನ ಮನೆಗಳಿಗೆ ನುಗ್ಗಿತು. ನಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕನೊಬ್ಬ ಗಂಗಾವಳಿಯ ದಂಡೆಯವನು, ಚಿಕ್ಕಂದಿನಿಂದ ದೋಣಿಯ ಹುಟ್ಟು ಹಿಡಿದವನು. ಮಂಗಳವಾರ 6ರಿಂದ ಶುಕ್ರವಾರ 9ರವರೆಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ನಾಲ್ಕು ಮನೆಗಳು ಖಾಲಿ ಉಳಿದವು. ಎರಡನೇ ಶನಿವಾರ, ಭಾನುವಾರ, ಬಕ್ರೀದ್ ಕಳೆದು 13ರಂದು ಬಂದವನ ಎರಡೂ ಅಂಗೈಗಳ ಚರ್ಮ ಹಗ್ಗ ಜಾರಿ ಸುಲಿದುಹೋಗಿತ್ತು. ಸಹಿ ಹಾಕಲು ಪೆನ್ನನ್ನು ಎರಡು ಬೆರಳುಗಳ ತುದಿಯಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದಿದ್ದ. ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಇದ್ದದ್ದು “ನೆರೆಯ ಪ್ರಯುಕ್ತ” ಎಂಬ ಎರಡೇ ಪದ.

ಅವನ ಸಾಂದರ್ಭಿಕ ರಜೆಯಲ್ಲಿ ಉಳಿದಿದ್ದದ್ದು ಒಂದು ದಿನ ಮಾತ್ರ. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಯೊಡನೆ ಸೇರಿಸಿ ಕೊಡಲು ಬರುವುದಿಲ್ಲ. ಹೀಗಾಗಿ ನಾಲ್ಕೂ ದಿನಗಳನ್ನು ಗಳಿಕೆ ರಜೆಗೆ ಹಾಕಬೇಕಾಯಿತು, ಮತ್ತು ಮೇಲಧಿಕಾರಿಗಳು ಕೇಳಿದ್ದಕ್ಕೆ “ಸದರಿ ನೌಕರರು ಪೂರ್ವಾನುಮತಿ ಪಡೆಯದೆ ಗೈರುಹಾಜರಾಗಿರುವುದು ಕಂಡುಬರುತ್ತದೆ” ಎಂಬ ಟಿಪ್ಪಣಿಯನ್ನು ನಾನೇ ಬರೆದೆ. ನಿಯಮದ ಪ್ರಕಾರ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ವರ್ಷ ನೌಕರರ ಕ್ರೀಡಾಕೂಟಕ್ಕೆ ಹೋಗಿ ಹಗ್ಗಜಗ್ಗಾಟದಲ್ಲಿ ಹಗ್ಗ ಎಳೆದು ಬಂದವರ ದಿನಗಳನ್ನು ವಿಶೇಷ ಸಾಂದರ್ಭಿಕ ರಜೆ ಎಂದು ನಮೂದಿಸಿದವನೂ ನಾನೇ. ಅದೂ ನಿಯಮವೇ.

ಈಗ ಪ್ರಶ್ನೆಗೆ ಬರುತ್ತೇನೆ. ಆ ನಾಲ್ಕು ದಿನ ಅವನಿಗೆ ವಿಶೇಷ ರಜೆಯ ಮೇಲೆ ಬರಬೇಕಾಗಿದ್ದ ಸಂಬಳ ದೋಣಿ ನಡೆಸಿದ್ದಕ್ಕೆ ಕೂಲಿಯಲ್ಲ. ಕೂಲಿ ಕೇಳುವವನಾಗಿದ್ದರೆ ಅವನು ರಾತ್ರಿ ಹೊತ್ತು ಆ ಕೆಸರು ನೀರಿಗೆ ಇಳಿಯುತ್ತಲೇ ಇರಲಿಲ್ಲ. ಜನರನ್ನು ದಾಟಿಸಿದ್ದರಿಂದ ಅವನಿಗೆ ಗಳಿಸಿಟ್ಟ ರಜೆಯ ನಷ್ಟವಾಗಬಾರದು ಎಂಬುದಷ್ಟೇ ನನ್ನ ವಾದ. ಸರ್ಕಾರ ಈ ತತ್ವವನ್ನು ಬೇರೆ ಕಡೆ ಒಪ್ಪಿಕೊಂಡು ಬಹಳ ಕಾಲವಾಯಿತು. ಕೇಂದ್ರ ಸರ್ಕಾರದ ನೌಕರ ರಕ್ತದಾನ ಮಾಡಿದರೆ ಆ ದಿನಕ್ಕೆ ವಿಶೇಷ ಸಾಂದರ್ಭಿಕ ರಜೆಯುಂಟು, ವರ್ಷಕ್ಕೆ ನಾಲ್ಕು ಸಲದವರೆಗೆ. 2023ರ ಆದೇಶದಂತೆ ಅಂಗದಾನ ಮಾಡಿದವನಿಗೆ ಗರಿಷ್ಠ 42 ದಿನಗಳ ರಜೆಯುಂಟು. ಮೂತ್ರಪಿಂಡ ಕೊಟ್ಟು ಮಲಗಿದವನ ಬಳಿ ಹೋಗಿ “ದಾನ ಎಂದ ಮೇಲೆ ಸಂಬಳವೇಕೆ” ಎಂದು ಯಾರೂ ಕೇಳುವುದಿಲ್ಲ.

ಸಂಬಳಕ್ಕಿಂತ ದೊಡ್ಡ ವಿಷಯವೊಂದಿದೆ; ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಚೇರಿಯ ಹೊರಗಿದ್ದರೂ ಕರ್ತವ್ಯದ ಮೇಲಿದ್ದಾನೆ ಎಂದು ಲೆಕ್ಕ ಹಿಡಿಯುವುದಕ್ಕೆ ನಮ್ಮಲ್ಲಿ ಓಓಡಿ ಎನ್ನುತ್ತಾರೆ. ಓಓಡಿಯ ಮೇಲೆ ಹೋದ ನೌಕರನಿಗೆ ಪೆಟ್ಟಾದರೆ ಅದು ಕರ್ತವ್ಯದಲ್ಲಿ ಆದ ಪೆಟ್ಟು. ಗಳಿಕೆ ರಜೆಯ ಮೇಲಿದ್ದವನು ಸೆಳವಿಗೆ ಸಿಕ್ಕಿ ಹೋದರೆ ಕಡತದ ಕಣ್ಣಿಗೆ ಅವನು ಸ್ವಂತ ಕೆಲಸಕ್ಕೆ ಹೋದವನು. ಅವನು ಹೊಳೆಗೆ ಇಳಿದದ್ದು ಯಾಕೆಂದು ಅವನ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆದು ರುಜುವಾತು ಮಾಡಬೇಕು. ಅದಕ್ಕಾಗಿಯೇ ನಾನು ಬರೀ ರಜೆ ಎನ್ನದೆ, ಕರ್ತವ್ಯವೆಂದು ಪರಿಗಣಿಸುವ ರಜೆ ಎಂದು ಒತ್ತಿ ಹೇಳುತ್ತೇನೆ.

ಇದೇನೂ ಹೊಸ ಬೇಡಿಕೆಯಲ್ಲ. ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು ಮುಂಬಯಿಯಲ್ಲಿ. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ತಮ್ಮ ತಮ್ಮ ಉದ್ಯೋಗದಲ್ಲಿ ಇದ್ದುಕೊಂಡೇ ಕರೆ ಬಂದಾಗ ಸಮವಸ್ತ್ರ ತೊಡುವ ನಾಗರಿಕರ ದಳ ಅದು. 1948ರ ಪ್ರಾದೇಶಿಕ ಸೇನಾ ಕಾಯ್ದೆಯಂತೂ, ಸೇವೆಗೆ ಕರೆಸಿಕೊಂಡ ನೌಕರನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆಯನ್ನು ಮಾಲೀಕನ ಮೇಲೆಯೇ ಹಾಕಿದೆ. ಪೌರ ರಕ್ಷಣಾ ಕಾಯ್ದೆ 1968ರದ್ದು. ವಿಪತ್ತು ನಿರ್ವಹಣೆ ಅದರೊಳಗೆ ಸೇರಿದ್ದು 2009ರ ತಿದ್ದುಪಡಿಯಲ್ಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 30 ಜಿಲ್ಲೆಗಳಲ್ಲಿ ಆರಂಭಿಸಿದ ಆಪದ ಮಿತ್ರ ಯೋಜನೆ ಆಮೇಲೆ 350 ಜಿಲ್ಲೆಗಳಿಗೂ ಒಂದು ಲಕ್ಷ ಸ್ವಯಂಸೇವಕರ ಗುರಿಗೂ ಹಿಗ್ಗಿತು. ಅದರ ತರಬೇತಿಯೇ 12 ದಿನಗಳದ್ದು. ನಮ್ಮ ರಾಜ್ಯದ ನೌಕರನ ಖಾತೆಗೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಗಳಿಕೆ ರಜೆ ಜಮೆಯಾಗುತ್ತದೆ. ಆರು ತಿಂಗಳ ಆ ಗಳಿಕೆಯಲ್ಲಿ ಹನ್ನೆರಡನ್ನು ತರಬೇತಿಗೇ ಸುರಿದು, ಮಗಳ ಬಾಣಂತನಕ್ಕೂ ಊರ ಬಂಡಿಹಬ್ಬಕ್ಕೂ ಉಳಿದ ಮೂರು ದಿನ ಇಟ್ಟುಕೊಳ್ಳುವವನನ್ನು ನಾನಂತೂ ನೋಡಿಲ್ಲ.

ಹೊರದೇಶಗಳ ಉದಾಹರಣೆ ಕೊಟ್ಟರೆ ನಮ್ಮವರು ನಗುತ್ತಾರೆ, ಆದರೂ ಹೇಳುತ್ತೇನೆ. ಇಟಲಿಯಲ್ಲಿ ನಾಗರಿಕ ರಕ್ಷಣಾ ಸಂಘಟನೆಗಳ ಸ್ವಯಂಸೇವಕ ವಿಪತ್ತಿನ ಕೆಲಸಕ್ಕೆ ಸತತ 30 ದಿನ, ವರ್ಷಕ್ಕೆ ಒಟ್ಟು 90 ದಿನಗಳವರೆಗೆ ಹೋಗಬಹುದು. ಕೆಲಸವೂ ಸಂಬಳವೂ ಅವನಿಗೆ ಉಳಿಯುತ್ತವೆ, ಮಾಲೀಕ ಕೇಳಿದರೆ ಆ ಮೊತ್ತವನ್ನು ಸರ್ಕಾರ ತುಂಬಿಕೊಡುತ್ತದೆ. ಜರ್ಮನಿಯ ತಾಂತ್ರಿಕ ಪರಿಹಾರ ಪಡೆಯಲ್ಲೂ ಏರ್ಪಾಡು ಹೆಚ್ಚು ಕಡಿಮೆ ಹೀಗೆಯೇ. ಆಸ್ಟ್ರೇಲಿಯಾದ ರಾಷ್ಟ್ರೀಯ ಕಾನೂನು ಸ್ವಯಂಸೇವಕನಿಗೆ ಗೈರುಹಾಜರಾಗುವ ಹಕ್ಕು ಕೊಟ್ಟಿದೆ, ಸಂಬಳ ಕೊಡಲೇಬೇಕೆಂದು ಹೇಳಿಲ್ಲ. ಕಾಳ್ಗಿಚ್ಚಿನ ಆ ದೇಶ ಅಷ್ಟಕ್ಕೇ ನಿಲ್ಲಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಆಕ್ಷೇಪಣೆಗಳಲ್ಲಿ “ಕಚೇರಿಯ ಕೆಲಸ ನಿಲ್ಲುತ್ತದೆ” ಎಂಬುದನ್ನು ನಾನು ಒಪ್ಪುತ್ತೇನೆ. ನೆರೆಯ ಹೊತ್ತಿನಲ್ಲಿ ಕಂದಾಯ, ಆರೋಗ್ಯ, ಪಂಚಾಯತ್ ರಾಜ್ ಇಲಾಖೆಗಳವರಿಗೆ ಇದ್ದ ರಜೆಯೇ ರದ್ದಾಗುತ್ತದೆ, ಕೇಂದ್ರಸ್ಥಾನ ಬಿಡಬಾರದೆಂಬ ಆದೇಶ ಬರುತ್ತದೆ. ಕಾಳಜಿ ಕೇಂದ್ರದ ಅಕ್ಕಿ ಲೆಕ್ಕ ಬರೆಯುವ ಗ್ರಾಮ ಆಡಳಿತ ಅಧಿಕಾರಿಯನ್ನು ದೋಣಿಗೆ ಕಳಿಸುವುದು ಮೂರ್ಖತನ. ಈ ರಜೆ ಉಳಿದ ಇಲಾಖೆಗಳವರಿಗೆ, ಅದರಲ್ಲೂ ಮಳೆಗಾಲ ಶುರುವಾಗುವ ಮೊದಲೇ ಇಂಥ ಸ್ವಯಂಸೇವಕ ದಳದಲ್ಲಿ ಹೆಸರು ನೋಂದಾಯಿಸಿ, ತರಬೇತಿ ಪಡೆದು, ಕಚೇರಿ ಮುಖ್ಯಸ್ಥರ ಒಪ್ಪಿಗೆಯನ್ನು ಮೇ ತಿಂಗಳಲ್ಲೇ ಬರೆಸಿಕೊಂಡವರಿಗೆ ಮಾತ್ರ ಸಲ್ಲಬೇಕು. ಹೊಳೆ ಉಕ್ಕಿದ ರಾತ್ರಿ ಪೂರ್ವಾನುಮತಿ ಕೇಳಲು ಯಾವ ಅಧಿಕಾರಿಯೂ ಸಿಗುವುದಿಲ್ಲ. ಅನುಮತಿ ಮೊದಲೇ ಇದ್ದರೆ ಆ ರಾತ್ರಿ ಕೇಳುವ ಪ್ರಮೇಯವೇ ಬರುವುದಿಲ್ಲ. ದುರುಪಯೋಗದ ಮಾತಿಗೆ ನನ್ನ ಉತ್ತರ ಚಿಕ್ಕದು: ಕರೆದದ್ದು ಯಾರು, ಎಷ್ಟು ಹೊತ್ತಿಗೆ ವರದಿ ಮಾಡಿಕೊಂಡ, ಎಷ್ಟು ಹೊತ್ತಿಗೆ ಬಿಡುಗಡೆಯಾದ ಎಂದು ದಳದ ಮುಖ್ಯಸ್ಥರು ಸಹಿ ಮಾಡಿದ ಚೀಟಿ ಇಲ್ಲದೆ ಒಂದು ದಿನವೂ ಮಂಜೂರಾಗಬಾರದು. ಸೆಲ್ಫಿ ತೆಗೆಸಿಕೊಳ್ಳಲು ಬಂದವರಿಗೆ ಆ ಚೀಟಿ ಸಿಗುವುದಿಲ್ಲ.

ನನಗೆ ಕಷ್ಟವಾಗುವ ಆಕ್ಷೇಪಣೆ ಬೇರೆಯದು. ಅದನ್ನು ಕೇಳಿದವರು ಕಾರವಾರದ ಕೋಡಿಬಾಗದ ಒಬ್ಬ ಮೀನುಗಾರರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿದ ಮೇಲೆ, ಹೊಳೆಯ ತಳದಿಂದ ಕೇರಳದ ಲಾರಿಯನ್ನು ಸೆಪ್ಟೆಂಬರ್ 25ರಂದು ಎತ್ತುವವರೆಗೆ ನಡೆದ ಹುಡುಕಾಟದಲ್ಲಿ ಸಂಬಳದವರ ಜೊತೆ ಸಂಬಳವಿಲ್ಲದವರೂ ಇದ್ದರು. ಅದೇ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಲಾರಿ ಸಮೇತ ಕುಸಿದಾಗ ಚಾಲಕನನ್ನು ದಡಕ್ಕೆ ತರಲು ಪೊಲೀಸರ ಜೊತೆ ದುಡಿದವರು ಮೀನುಗಾರರು. “ನಮಗೆ ರಜಾ ಕೊಡೂರು ಯಾರು?” ಎಂದು ಅವರು ಕೇಳಿದರು. ಒಂದು ದಿನದ ಬಲೆ ಬಿಟ್ಟು ಬಂದವನ ನಷ್ಟ ನಮ್ಮ ಗುಮಾಸ್ತನ ನಷ್ಟಕ್ಕಿಂತ ದೊಡ್ಡದು, ಅವನಿಗೆ ದಿನಭತ್ಯೆಯೂ ವಿಮೆಯೂ ಮೊದಲು ಸಿಗಬೇಕು ಎಂದೆ. ಆದರೆ ಅದಕ್ಕೆ ಹಣ ಬೇಕು, ಹೊಸ ಲೆಕ್ಕಶೀರ್ಷಿಕೆ ಬೇಕು. ನೌಕರನ ವಿಷಯದಲ್ಲಿ ಸಂಬಳ ಹೇಗೂ ಬಜೆಟ್ಟಿನಲ್ಲಿ ಇದ್ದೇ ಇದೆ, ಬೇಕಾದದ್ದು ಒಂದು ಆದೇಶ. ಅವರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ನಮ್ಮ ಆ ಸಹಾಯಕ ಈಗ ಬೇರೆ ತಾಲ್ಲೂಕಿನಲ್ಲಿ ಪ್ರಥಮ ದರ್ಜೆಯವನಾಗಿದ್ದಾನೆ, ಅಂಗೈ ಎಂದೋ ಮಾಗಿದೆ. ಅವನ ಸೇವಾ ಪುಸ್ತಕದ ರಜೆ ಲೆಕ್ಕದ ಪುಟದಲ್ಲಿ 6-8-2019ರಿಂದ 9-8-2019ರವರೆಗೆ ಗಳಿಕೆ ರಜೆ, 4 ದಿನ ಎಂದೇ ಇದೆ. ಕೈಬರಹ ನನ್ನದು.