28 ನಿಮಿಷದ ಆಲ್ಬಮ್, 28 ವರ್ಷ ತಡವಾದ ಚಪ್ಪಾಳೆ

ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತುವಾಗ ಜಿಟಿಜಿಟಿ ಮಳೆ. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಹಾಕಿಕೊಂಡೆ. ಇಡೀ ಆಲ್ಬಮ್ 28 ನಿಮಿಷ. ಧಾರವಾಡದ ಜುಬಿಲಿ ವೃತ್ತ ಬರುವುದರೊಳಗೆ ಮುಗಿದೇ ಹೋಯಿತು.

ಅದಕ್ಕೂ ಹಿಂದಿನ ಆಲ್ಬಮ್‌ನಲ್ಲಿ ಡ್ರಮ್ಸ್, ಪಿಟೀಲು, ಕೊಳಲು, ತುತ್ತೂರಿ ಎಲ್ಲವೂ ಇದ್ದವು. ಅದೂ ಮಾರಾಟವಾಗಲಿಲ್ಲ. 1971ರ ಅಕ್ಟೋಬರಿನಲ್ಲಿ ಈ ಹುಡುಗ ಎರಡೇ ರಾತ್ರಿ ಕುಳಿತು ‘ಪಿಂಕ್ ಮೂನ್’ ಹಾಡಿ ಮುಗಿಸಿದ. ಒಂದು ದನಿ, ಒಂದು ಗಿಟಾರ್, ಒಂದೇ ಹಾಡಿನಲ್ಲಿ ನಾಲ್ಕು ಹನಿಯಂತೆ ಪಿಯಾನೊ. 1972ರಲ್ಲಿ ಬಿಡುಗಡೆಯಾದಾಗ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಅವನೂ ಸಂದರ್ಶನ, ಸಂಗೀತ ಕಛೇರಿ ಎಂದರೆ ದೂರ. 1974ರಲ್ಲಿ, 26ನೆಯ ವಯಸ್ಸಿಗೆ ಹೋಗಿಬಿಟ್ಟ. 1999ರ ಕೊನೆಗೆ ಅಮೆರಿಕದ ಒಂದು ಕಾರಿನ ಜಾಹೀರಾತಿನಲ್ಲಿ ಇದರ ಶೀರ್ಷಿಕೆ ಹಾಡು ಬಂದದ್ದೇ ತಡ, ಜನ ಆಲ್ಬಮ್‌ಗೆ ಮುಗಿಬಿದ್ದರು. 2003ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಅವನ ಮೂರೂ ಆಲ್ಬಮ್ ಸೇರಿದ್ದವು. ವಿಮರ್ಶಕರ ಕಿವಿಗೆ ಕಾರಿನ ಹಾರ್ನ್ ಬೇಕಾಯಿತೇ ಎಂದು ನನ್ನ ಕುಹಕ.

ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೂ ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಆದರೆ ಅವರು ಇದ್ದರು. ತಡವಾಗಿ ಬಂದ ಚಪ್ಪಾಳೆಯನ್ನು ಕಿವಿಯಾರೆ ಕೇಳಿದರು.

ಸದ್ಯ ಛತ್ರಿ ಇಲ್ಲದೆ ನಿಲ್ದಾಣದಲ್ಲೇ ನಿಂತಿದ್ದೇನೆ. ಎದುರಿನ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದಾರೆ. ಆಲ್ಬಮ್ ಮತ್ತೆ ಮೊದಲಿನಿಂದ ಶುರುವಾಗಿದೆ.