ಹಿಂದಿನ ಚಕ್ರದ ಒಳಗೆ ಎಣ್ಣೆ ಕಂಡ ದಿನ

ಕಕ್ಕಡ ತಿಂಗಳ ಜಡಿಮಳೆಯಲ್ಲಿ, ಮಡಿಕೇರಿ ಹತ್ತಿರದ ಕಾಫಿ ತೋಟದ ಶೆಡ್ಡಿನಲ್ಲಿ ನಿಂತಿದ್ದ ಜೀಪಿನ ಎಡ ಹಿಂಚಕ್ರದ ಒಳಬದಿ ಕಪ್ಪಾಗಿ ಮಿನುಗುತ್ತಿತ್ತು. ಮಳೆನೀರು ಇರಬೇಕು ಎಂದುಕೊಳ್ಳುವ ಹಾಗಿರಲಿಲ್ಲ. ಎಣ್ಣೆಯ ಗೆರೆಗಳು ಚಕ್ರದ ನಡುವಿನಿಂದ ಟಯರಿನ ಅಂಚಿನ ಕಡೆಗೆ ಚೆಲ್ಲಿದ್ದವು. ಅಂದರೆ ಚಕ್ರ ತಿರುಗುವಾಗ ಒಳಗಿನಿಂದಲೇ ಎರಚಿದೆ. ಶಾಕ್ ಅಬ್ಸಾರ್ಬರ್ ಸೋರಿದ್ದರೆ ಅದರ ಮೈಯೇ ಒದ್ದೆಯಾಗಿರುತ್ತಿತ್ತು. ಅದು ಒಣಗಿ ಧೂಳು ಹಿಡಿದಿತ್ತು. ಡೀಸೆಲ್ ವಾಸನೆಯೂ ಇಲ್ಲ. ಉಳಿದದ್ದು ಎರಡೇ: ಬ್ರೇಕ್ ಆಯಿಲ್ ಇಲ್ಲವೇ ಚಕ್ರ ತಿರುಗಿಸುವ ದಂಡವಾದ ಆಕ್ಸಲ್‌ನ ಗೇರ್ ಆಯಿಲ್.

ಯಾವುದೆಂದು ತಿಳಿಯುವವರೆಗೆ ಗಾಡಿ ಕದಲಿಸಬಾರದು. ಬ್ರೇಕ್ ಆಯಿಲ್ ಆಗಿದ್ದರೆ ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಹೋಗಿಬಿಡಬಹುದು. ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿದೆವು, ಮಟ್ಟ ಇಳಿದಿರಲಿಲ್ಲ. ಆಮೇಲೆ ಗಾಜಿನ ಲೋಟದಲ್ಲಿ ನೀರು ತುಂಬಿಸಿ, ಟಯರಿನಿಂದ ಒರೆಸಿದ ಒಂದು ಹನಿ ಬಿಟ್ಟೆವು. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಮಾಯವಾಗುತ್ತದೆ. ಇದು ಮೇಲೆ ತೇಲಿ ಬಣ್ಣಬಣ್ಣದ ಪೊರೆಯಾಗಿ ಹರಡಿತು. ಬೆರಳಿಗೆ ಅಂಟು, ಮೂಗಿಗೆ ಗಂಧಕದ ಘಾಟು: ಗ್ಯಾರೇಜಿನವರು ‘ನೈಂಟಿ ಆಯಿಲ್’ ಎನ್ನುವ ಗೇರ್ ಆಯಿಲ್.

ಬ್ರೇಕನ್ನು ಮುಚ್ಚಿರುವ ಹಿಂದಿನ ಡ್ರಮ್ ಬಿಚ್ಚಲು ಹ್ಯಾಂಡ್‌ಬ್ರೇಕ್ ಸಡಿಲಿಸಲೇಬೇಕು. ಹಾಗಾಗಿ ಸಮತಟ್ಟು ನೆಲದಲ್ಲಿ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಜಾಕ್ ಎತ್ತಿದ ಮೇಲೆ ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಡ್ರಮ್ ಬರದಿದ್ದರೆ ಬಡಿಯಬೇಡಿ. ಡ್ರಮ್ ಒಳಗೆ ಸವೆದು ಉಳಿದ ಅಂಚಿಗೆ ಶೂ, ಅಂದರೆ ಡ್ರಮ್ಮಿಗೆ ಒತ್ತುವ ಬ್ರೇಕ್ ಪಟ್ಟಿ, ಸಿಕ್ಕಿರುತ್ತದೆ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬ್ರೇಕ್ ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಮಡಿಸಿ ನೋಡಿದರೆ ಒಳಗೆ ಒಣ. ಎಣ್ಣೆ ಬಂದದ್ದು ಅದನ್ನು ಒಳಗೇ ತಡೆಯುವ ರಬ್ಬರ್ ಬಳೆ, ಆಕ್ಸಲ್ ಸೀಲ್ ದಾಟಿ.

ಬ್ಯಾಕ್ ಪ್ಲೇಟಿನ ಬೋಲ್ಟ್ ತೆಗೆದು ಆಕ್ಸಲ್ ಎಳೆದೆವು. ಸೀಲಿನ ತುಟಿ ಗಟ್ಟಿಯಾಗಿತ್ತು, ಆದರೆ ಹರಿದಿರಲಿಲ್ಲ. ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿದೆವು, ಗೀರು ತಾಗಲಿಲ್ಲ. ತಾಗಿದ್ದರೆ ಹೊಸ ಸೀಲ್ ಹಾಕಿದರೂ ಅದೇ ಗೀರಿನ ಮೇಲೆ ಓಡಿ ಮತ್ತೆ ಸೋರುತ್ತದೆ. ಬೇರಿಂಗ್ ಕೂಡ ಆಡುತ್ತಿರಲಿಲ್ಲ.

ಬಹಳ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ, ಹೊಸ ಸೀಲ್ ಹಾಕಿ ಕಳಿಸುತ್ತಾರೆ. ಅದು ತಪ್ಪು. ಆಕ್ಸಲ್ ಕೊಳವೆಯ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಕಿಂಡಿ, ನೋಡಲೇಬೇಕು. ಕಿರುಬೆರಳ ತುದಿಯಷ್ಟಿರುವ ಈ ಮುಚ್ಚಳ ನಮ್ಮ ಕೆಂಪು ಮಣ್ಣಿನಿಂದ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗಾಡಿ ಓಡಿದಾಗ ಆಕ್ಸಲ್ ನಡುವಿನ ಗೇರ್ ಗುಂಡಾದ ಡಿಫರೆನ್ಷಿಯಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸೀಲಿನ ತುಟಿಯ ಸಂದಿಯಿಂದ ಎಣ್ಣೆಯನ್ನು ನೂಕುತ್ತದೆ. ಬಿಸಿ ಆಕ್ಸಲ್ ಹಳ್ಳಕ್ಕೆ ಇಳಿದರೆ ಇದೇ ಕೆಲಸ ತಿರುವುಮುರುವಾಗಿ, ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಹೀರುತ್ತದೆ. ಹಾಗೇ ಆಗಿತ್ತು: ಡಿಫರೆನ್ಷಿಯಲ್ ಕೆಳಗಿನ ಪ್ಲಗ್ ಬಿಚ್ಚಿದಾಗ ಬಂದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿತ್ತು. ಆ ಎಣ್ಣೆಯಲ್ಲಿ ಇನ್ನೂ ಓಡಿಸಿದ್ದರೆ ಬೇರಿಂಗ್, ಒಳಗಿನ ದೊಡ್ಡ ಗೇರಾದ ಕ್ರೌನ್ ಎಲ್ಲ ತುಕ್ಕು ಹಿಡಿಯುತ್ತಿದ್ದವು.

ಎಣ್ಣೆ ಬದಲಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಅದು ಹಿಡಿದುಕೊಂಡಿದ್ದು, ಕೆಳಗಿನದನ್ನು ಆಗಲೇ ಖಾಲಿ ಮಾಡಿದ್ದರೆ ಗಾಡಿ ಅಲ್ಲೇ ಬಾಕಿ. ಬ್ರೀದರನ್ನು ಡೀಸೆಲ್‌ನಲ್ಲಿ ನೆನೆಸಿ, ಬಾಯಲ್ಲಿ ಊದದೆ ಪಂಪಿನ ಗಾಳಿ ಹಾಯಿಸಿ ತೆರವು ಮಾಡಿದೆವು. ಹಳ್ಳ ದಾಟುವ ಗಾಡಿಗೆ ಅಲ್ಲಿಂದ ರಬ್ಬರ್ ಪೈಪ್ ಜೋಡಿಸಿ ಚಾಸಿಗಿಂತ ಮೇಲಕ್ಕೆ ಕಟ್ಟುವುದು ಒಳ್ಳೆಯದು. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ. ತುಟಿಗೆ ಎಣ್ಣೆ ಸವರಿ, ಮರದ ತುಂಡು ಇಟ್ಟು ಓರೆಯಾಗದಂತೆ ಬಡಿದು ಕೂರಿಸಬೇಕು. ತುಂಬಿದ ಎಣ್ಣೆ ಪ್ಲಗ್ ತೂತಿನ ಕೆಳ ಅಂಚಿಗೆ ಬಂದರೆ ಸಾಕು, ಹೆಚ್ಚಾದರೂ ಸೋರುತ್ತದೆ.

ಎಣ್ಣೆ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದರೆ ಮೇಲಷ್ಟೇ ಚೊಕ್ಕ. ಬಿಸಿಯಾದಾಗ ಒಳಗಿನದು ಮತ್ತೆ ಜಿನುಗಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಹಿಂದಿನ ಎರಡೂ ಚಕ್ರಕ್ಕೆ ಹೊಸ ಶೂ ಹಾಕಿದೆವು.

ರಾತ್ರಿ ಎರಡೂ ಚಕ್ರದ ಕೆಳಗೆ ಹಳೇ ಪೇಪರ್ ಹಾಸಿಟ್ಟೆವು. ಬೆಳಿಗ್ಗೆ ನೋಡಿದರೆ ಕೆಸರು ನೀರಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.