ನಾರಿನ ದಿಕ್ಕು

ಎಂಟನೇ ತರಗತಿಗೆ ಬಂದವರು ಹೊಲಿಗೆ, ತೋಟಗಾರಿಕೆ, ಬೈಂಡಿಂಗ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ವೇಳಾಪಟ್ಟಿಯಲ್ಲಿ ಅದು ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜಕ್ಕೆ ಉಪಯುಕ್ತವಾದ ಉತ್ಪಾದಕ ಕೆಲಸ, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಇಟ್ಟ ಹೆಸರು. ಬೈಂಡಿಂಗಿಗೆ ಬಂದವರಲ್ಲಿ ಹೆಚ್ಚಿನವರು ಉಳಿದೆರಡರಲ್ಲಿ ಜಾಗ ಸಿಗದವರು. ವರ್ಷ ಮುಗಿಯುವಷ್ಟರಲ್ಲಿ, ಯಾವ ಪುಸ್ತಕ ಕೈಗೆ ಬಂದರೂ ಓದುವ ಮೊದಲು ಬೆನ್ನು ತಿರುಗಿಸಿ ನೋಡುವ ಗೀಳು ನಮಗೆಲ್ಲ ಹತ್ತಿತ್ತು. ಹತ್ತಿಸಿದ್ದು ಮೊದಲ ದಿನ ಮೇಷ್ಟ್ರು ಒದ್ದೆ ಮಾಡಿದ ಒಂದು ಚೂರು ಕಾಗದ.

ಅಂಗೈಯಗಲದ ಚೂರಿನ ಒಂದೇ ಮೈಗೆ ನೀರು ಸವರಿ ಮೇಜಿನ ಮೇಲಿಡಿ. ನೋಡನೋಡುತ್ತಿದ್ದಂತೆ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಆ ಕೊಳವೆ ಯಾವ ಕಡೆಗೆ ಉದ್ದವಾಗಿ ಮಲಗಿದೆಯೋ ಅದೇ ನಾರಿನ ದಿಕ್ಕು. ಕಾರ್ಖಾನೆಯಲ್ಲಿ ತಿರುಳು ಯಂತ್ರದ ಮೇಲೆ ಹರಿಯುವಾಗ ನಾರುಗಳು ಬಹುಪಾಲು ಹರಿಯುವ ಕಡೆಗೇ ಮುಖ ಮಾಡಿ ಕೂರುತ್ತವೆ. ನೀರು ಕುಡಿದ ನಾರು ದಪ್ಪವಾಗುತ್ತದೆ, ಉದ್ದವಾಗುವುದು ಬಹಳ ಕಡಿಮೆ. ಹಾಗಾಗಿ ಕಾಗದ ಅಡ್ಡಕ್ಕೆ ಹಿಗ್ಗುತ್ತದೆ. ಬೈಂಡಿಂಗಿನಲ್ಲಿ ಕೆಡುವುದರಲ್ಲಿ ಅರ್ಧಕ್ಕರ್ಧ ಈ ಒಂದು ಮಾತು ಮರೆತಿದ್ದರಿಂದಲೇ.

ಹಾಳೆ, ರಟ್ಟು, ಹೊದಿಕೆ, ಎಲ್ಲದರ ನಾರೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ. ಅದನ್ನು ನಡುವೆ ಮಡಚಿದರೆ ಮಡಿಕೆಗೆ ನಾರು ಅಡ್ಡ ಬೀಳುತ್ತದೆ. ಆ ನೋಟ್‌ಬುಕ್ ಎಷ್ಟು ಒತ್ತಿದರೂ ತೆರೆದುಕೊಂಡು ಮಲಗುವುದಿಲ್ಲ. ಉದ್ದ ನಾರಿನ ಎ3 ತಂದು ಎರಡಾಗಿ ಕತ್ತರಿಸಿ ಮಡಚಿದರೆ ನಾರು ಸರಿಯಾಗಿ ಕೂರುತ್ತದೆ. ನಾಲ್ಕು ಹಾಳೆ ಸೇರಿಸಿ ಮಡಚಿದರೆ ಒಂದು ಕಂತೆ. ಎಂಟು ಕಂತೆಗೆ 128 ಪುಟ.

ಹೊಲಿಗೆಗೆ ಪ್ರತಿ ಮಡಿಕೆಯಲ್ಲಿ ಆರು ತೂತು: ಕಂತೆಗಳನ್ನು ಹಿಡಿದಿಡಲು ಬೆನ್ನಿಗೆ ಅಡ್ಡಲಾಗಿ ಇಡುವ ಎರಡು ನಾಡಾಪಟ್ಟಿಗಳ ಇಕ್ಕೆಲದಲ್ಲಿ ಒಂದೊಂದು, ಮೇಲಿನ ಮತ್ತು ಕೆಳಗಿನ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಒಂದೊಂದು. ಎರಡು ಮೀಟರ್ ದಾರಕ್ಕೆ ಜೇನುಮೇಣ ತಿಕ್ಕಿಕೊಳ್ಳಬೇಕು, ಇಲ್ಲದಿದ್ದರೆ ಗಂಟು ಜಾರುತ್ತದೆ. ದಾರ ಎಳೆಯುವುದು ಮಡಿಕೆಯ ಉದ್ದಕ್ಕೆ, ಹೊಲಿಗೆ ಸಾಗುವ ಕಡೆಗೇ. ಹಿಂದಕ್ಕೆಳೆದರೆ ತೂತು ಹರಿದು ಸೀಳಾಗುತ್ತದೆ. ಕೊನೆಯ ತೂತಿನಲ್ಲಿ ಸೂಜಿಯನ್ನು ಕೆಳಗಿನ ಕಂತೆಯ ದಾರದ ಅಡಿಯಿಂದ ತೂರಿಸಿ ಕುಣಿಕೆ ಹಾಕಿ ಮೇಲಿನ ಕಂತೆಗೆ ಹೋಗಬೇಕು. ಇದನ್ನು ಬಿಟ್ಟರೆ ಪುಸ್ತಕದ ತಲೆ ಬಾಯಿ ಬಿಡುತ್ತದೆ.

ಅಂಟು ಮೈದಾದ್ದೇ. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದದ್ದನ್ನು ಕುದಿಸಿ ಹೊಯ್ಯುತ್ತ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಹಾಲಿನ ಬಣ್ಣ ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸುವುದು. ಬೇಗ ಇಳಿಸಿದರೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಹುಳು ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಆ ಪಾತ್ರೆ ಮತ್ತೆ ಅಡುಗೆಮನೆ ಸೇರಬಾರದು. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಮೈಲುತುತ್ತ ಅವನ್ನು ತಿನ್ನುತ್ತದೆ.

ನಮ್ಮ ನಾಡಿನಲ್ಲಿ ಇನ್ನೊಂದು ಹಳೆಯ ಅಂಟಿದೆ: ಹುಣಸೆ ಬೀಜದ್ದು. ಅದಕ್ಕೆ ಇದ್ದಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಹೆಸರಾದವು. ಕಚೇರಿಯ ಫೈಲಿಗೆ ಇಂದಿಗೂ ಉಳಿದಿರುವುದು ಆ ಕಪ್ಪು ಬಟ್ಟೆಯ ಹೆಸರೇ. ಬೈಂಡಿಂಗ್ ಕಲಿಸುವ ಪ್ರತಿ ತರಗತಿಯಲ್ಲೂ ಇದನ್ನು ಒಮ್ಮೆ ಮಾಡಿಸಲೇಬೇಕು.

ರಟ್ಟು 2 ಮಿ.ಮೀ. ದಪ್ಪದ್ದು ಸಾಕು. ಎತ್ತರ ಹಾಳೆಗಿಂತ 6 ಮಿ.ಮೀ. ಹೆಚ್ಚು, ಅಗಲ 3 ಮಿ.ಮೀ. ಕಡಿಮೆ, ಬೆನ್ನುಪಟ್ಟಿಗೂ ರಟ್ಟಿಗೂ ನಡುವೆ 7 ಮಿ.ಮೀ. ಸಂದು. ಆ ಸಂದೇ ಕೀಲು. ಕಿರಿದಾದರೆ ರಟ್ಟು ತೆರೆಯುವಾಗ ಮೊದಲ ಹಾಳೆಯನ್ನು ಕಿತ್ತುಕೊಂಡೇ ಬರುತ್ತದೆ. ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆಯ ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ಬಿಡಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ.

ಹೊದಿಕೆ ಒಣಗುತ್ತ ಕುಗ್ಗಿ ರಟ್ಟನ್ನು ಹೊರಕ್ಕೆ ಬಾಗಿಸುತ್ತದೆ. ಒಳಗೆ ಅಂಟಿಸುವ ಹಾಳೆ ಅದನ್ನು ವಾಪಸ್ ಎಳೆಯುತ್ತದೆ. ಈ ಎಳೆದಾಟ ಸಮ ಬರುವುದು ನಾರುಗಳ ದಿಕ್ಕು ಒಂದೇ ಆದಾಗ. ಅಂಟಿಸಿದ ಹಾಳೆಗೂ ಪುಟಗಳಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ, ಭಾರ ಹೇರಿ ಒಂದು ರಾತ್ರಿ ಬಿಡಬೇಕು. ಪ್ಲಾಸ್ಟಿಕ್ ಮರೆತರೆ ತೇವ ಒಳಗಿಳಿದು ಪುಟಗಳೆಲ್ಲ ಅಲೆಅಲೆಯಾಗುತ್ತವೆ.

ಶಾಲೆಯ ಲೈಬ್ರರಿಯ ಹರಿದ ಪುಸ್ತಕಗಳಿಗೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ಅದರ ಗೋಂದು ವರ್ಷಗಳಲ್ಲಿ ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ, ತೆಗೆಯಲು ಹೋದರೆ ಅಕ್ಷರವೇ ಎದ್ದು ಬರುತ್ತದೆ. ತೆಳು ಕಾಗದದ ಪಟ್ಟಿ, ನೀರಾಗಿಸಿದ ಮೈದಾ ಅಂಟು ಸಾಕು.

ಹೊಸ ಪುಸ್ತಕವನ್ನು ಹೀಗೆ ತೆರೆಯಿರಿ: ಬೆನ್ನು ಮೇಜಿಗೆ ತಾಗಿಸಿ ನಿಲ್ಲಿಸಿ, ಎರಡೂ ರಟ್ಟುಗಳನ್ನು ಮೆಲ್ಲಗೆ ಮಲಗಿಸಿ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಇಳಿಸುತ್ತ, ಪ್ರತಿ ಸಲವೂ ಮಡಿಕೆಯ ಉದ್ದಕ್ಕೆ ಬೆರಳಾಡಿಸಿ, ನಡುವಿನವರೆಗೆ ಬನ್ನಿ.